ಊರ್ವಸ್ಟೋರಿನ ಚರುಮುರಿ ಅಕ್ಕನಿಗೆ ಸ್ವನಿಧಿ ಲೋನ್ ಸಿಕ್ಕಿದ್ದು, ಕಟ್ಟಿದ್ದು, ಉಳಿದದ್ದು: ಒಂದು ಪ್ರಕರಣ ಪೂರ್ತಿ ಲೆಕ್ಕ ಸಮೇತ

ನನ್ನದು ಮಂಗಳೂರಿನ ಊರ್ವಸ್ಟೋರಿನ ಹತ್ರ ಒಂದು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ, ಆಧಾರ್ ಪ್ರಿಂಟ್, ರೇಷನ್ ಕಾರ್ಡ್ ತಿದ್ದುಪಡಿ, ಕರೆಂಟ್ ಬಿಲ್ಲು ಇದೇ ದಿನಾ ಕೆಲಸ. ಸರಕಾರದ ಸ್ಕೀಮು ಯಾವುದೇ ಬರ್ಲಿ, ಪೇಪರಲ್ಲಿ ಬಂದ ಮರುದಿನ ಹತ್ತು ಜನ ನನ್ನ ಮೇಜಿನ ಎದುರು ನಿಂತಿರ್ತಾರೆ, ಅದರಲ್ಲಿ ಎಂಟು ಜನ ಅರ್ಧದಲ್ಲಿ ಬಿಟ್ಟು ಹೋಗ್ತಾರೆ. ಯಾಕೆ ಬಿಡ್ತಾರೆ, ಬಿಡದೆ ಕೊನೆ ತನಕ ಹೋದವರಿಗೆ ಎಷ್ಟು ಲಾಭ ಆಗ್ತದೆ ಅಂತ ಒಬ್ಬರ ಕತೆಯನ್ನೇ ಹಿಡ್ಕೊಂಡು ಪೂರ್ತಿ ಬರಿಬೇಕು ಅಂತ ತುಂಬಾ ದಿನದಿಂದ ಇತ್ತು. ಇದು ನನ್ನ ಅಂಗಡಿಯಿಂದ ಸ್ವಲ್ಪ ಮುಂದೆ ಗಾಡಿ ಇಡುವ ಚರುಮುರಿ ಅಕ್ಕ ಸ್ವನಿಧಿ, ಅಂದ್ರೆ ಬೀದಿ ಬದಿ ವ್ಯಾಪಾರಿಗಳಿಗೆ ಇರುವ ಕೇಂದ್ರದ ಸ್ಕೀಮಿನ ಲೋನ್ ತಕೊಂಡ ಕತೆ, ಅವರನ್ನು ಕೇಳಿಯೇ ಬರೀತಿದ್ದೇನೆ, ಹೆಸರು ಬೇಡ ಅಂದಿದ್ದಾರೆ, ಲೆಕ್ಕ ಎಲ್ಲ ಹಾಕು ಅಂದಿದ್ದಾರೆ.

ಅಕ್ಕನ ಮನೆ ಗುರುಪುರದ ಕಡೆ. ದಿನಾ ಮಧ್ಯಾಹ್ನ ಊಟ ಮುಗಿಸಿ ಬಸ್ಸಲ್ಲಿ ಬರ್ತಾರೆ, ಗಾಡಿ ರಾತ್ರಿ ಇಲ್ಲೇ ಒಂದು ಕಟ್ಟಡದ ಸೈಡಿಗೆ ಚೈನ್ ಹಾಕಿ ಇಡುದು. ನಾಲ್ಕು ಗಂಟೆಗೆ ಶುರು ಮಾಡಿದ್ರೆ ಎಂಟೂವರೆ ತನಕ ಕೈ ನಿಲ್ಲುದಿಲ್ಲ. ನೀರುಳ್ಳಿ ಸಣ್ಣ ಕೊಚ್ಚಿ, ಕ್ಯಾರೆಟ್ ತುರಿ, ಟೊಮೆಟೊ, ಮೆಣಸಿನ ಹುಡಿ, ಉಪ್ಪು ಎಲ್ಲ ಪಾತ್ರೆಗೆ ಹಾಕಿ ತೆಂಗಿನೆಣ್ಣೆ ಬಿಟ್ಟು ಮೊದಲು ಅದನ್ನೇ ಕಲಸಿ, ಆಮೇಲೆ ಮಂಡಕ್ಕಿ, ಕೊನೆಗೆ ಲಿಂಬೆ. ಮಂಡಕ್ಕಿ ಮೆತ್ತಗಾಗುವ ಮೊದಲು ಪೊಟ್ಟಣ ಗಿರಾಕಿಯ ಕೈಯಲ್ಲಿ ಇರ್ಬೇಕು ಅಂತ ಅವರ ಹಠ. ಗಂಡ ಮೊದಲು ಗಾರೆ ಕೆಲಸಕ್ಕೆ ಹೋಗ್ತಿದ್ದರು, ಬೆನ್ನು ನೋವಿಂದ ಈಗ ಹೆಚ್ಚು ಹೋಗುದಿಲ್ಲ. ಮಕ್ಕಳಿಬ್ಬರು, ಮಗ ದೊಡ್ಡವ, ಮಗಳು ಸಣ್ಣವಳು.

2020ರ ಮಾರ್ಚ್ 24ಕ್ಕೆ ಲಾಕ್‌ಡೌನ್ ಹೇಳಿದ್ರಲ್ಲ, ಆಗ ಅಕ್ಕನ ಮೇಲೆ ದಿನದ ಕಲೆಕ್ಷನ್ ಸಾಲ ಇತ್ತು. ಇದು ಹೇಗೆ ಅಂದ್ರೆ 10,000 ಅಂತ ಬರ್ಕೊಳ್ತಾನೆ, ಕೈಗೆ 9,000 ಕೊಡ್ತಾನೆ, ದಿನಕ್ಕೆ 100ರ ಹಾಗೆ 100 ದಿನ ಕಟ್ಟಬೇಕು. ಕೇಳ್ಲಿಕ್ಕೆ ಸಾವಿರ ರೂಪಾಯಿ ಬಡ್ಡಿ ಅಷ್ಟೇ ಅಂತ ಕಾಣ್ತದೆ. ಆದ್ರೆ ದಿನಾ ಕಟ್ತಾ ಬರುವಾಗ ನಿಮ್ಮ ಹತ್ರ ಸರಾಸರಿ ಇರುದು ಅದರ ಅರ್ಧ, 4,500ರ ಹಾಗೆ, ಅದೂ ಮೂರು ತಿಂಗಳ ಚಿಲ್ಲರೆ ಮಾತ್ರ. ವರ್ಷಕ್ಕೆ ಲೆಕ್ಕ ಹಾಕಿದ್ರೆ 80 ಪರ್ಸೆಂಟ್ ದಾಟ್ತದೆ. ನಾನು ಇದನ್ನು ಕ್ಯಾಲ್ಕುಲೇಟರಲ್ಲಿ ತೋರಿಸಿದಾಗ ಅಕ್ಕ ನಂಬ್ಲಿಲ್ಲ, ಇನ್ನೊಂದ್ಸಲ ಒತ್ತು ಅಂದ್ರು. ವರ್ಷಕ್ಕೆ ಮೂರು ಸಲ ಈ ಸಾಲ ತೆಗೆದು ತೀರಿಸಿ ತೆಗೆದು ತೀರಿಸಿ ಬರ್ತಿದ್ದರು, ಅಂದ್ರೆ 3,000 ರೂಪಾಯಿ ಸುಮ್ನೆ ಹೋಗ್ತಿತ್ತು, ಅದೂ ನಾಲ್ಕೈದು ವರ್ಷದಿಂದ.

ಕೇಂದ್ರದ 20 ಲಕ್ಷ ಕೋಟಿಯ ಆತ್ಮನಿರ್ಭರ ಪ್ಯಾಕೇಜ್ 2020ರ ಮೇ 12ಕ್ಕೆ ಘೋಷಣೆ ಆಯ್ತು. ಎರಡು ದಿನ ಬಿಟ್ಟು ಮೇ 14ಕ್ಕೆ ನಿರ್ಮಲಾ ಸೀತಾರಾಮನ್ ವಿವರ ಹೇಳುವಾಗ ಬೀದಿ ಬದಿ ವ್ಯಾಪಾರಿಗಳಿಗೆ 5,000 ಕೋಟಿಯ ಸಾಲದ ಮಾತು ಬಂತು, ಜೂನ್ 1ಕ್ಕೆ ಅದೇ ಪಿಎಂ ಸ್ವನಿಧಿ ಅಂತ ಶುರುವಾಯ್ತು. ಲಕ್ಷ ಕೋಟಿಯ ಲೆಕ್ಕ ಕೇಳಿದ್ರೆ ನಮ್ಮಂಥವರಿಗೆ ಏನೂ ಅರ್ಥ ಆಗುದಿಲ್ಲ. ಅದರಲ್ಲಿ ನಮ್ಮ ಊರ್ವಸ್ಟೋರಿನ ಗಾಡಿಗೆ ಎಷ್ಟು ಅಂತ ಕೇಳಿದ್ರೆ ಉತ್ತರ ಉಂಟು, ಇದು ಅಕ್ಕ ತಕೊಂಡ ಸಮಯದ ಲೆಕ್ಕ: ಜಾಮೀನಿಲ್ಲದೆ 10,000, ಒಂದು ವರ್ಷದಲ್ಲಿ ತಿಂಗಳ ಕಂತಲ್ಲಿ ತೀರಿಸುದು, ಟೈಮಿಗೆ ಕಟ್ಟಿದ್ರೆ ಬಡ್ಡಿಯಲ್ಲಿ 7 ಪರ್ಸೆಂಟ್ ಸರಕಾರ ವಾಪಸ್ ಖಾತೆಗೆ ಹಾಕ್ತದೆ, ತೀರಿಸಿದ ಮೇಲೆ 20,000, ಅದನ್ನೂ ತೀರಿಸಿದ್ರೆ 50,000.

ಅಕ್ಕ ಬಂದದ್ದು ನವೆಂಬರಲ್ಲಿ, ಮಳೆ ಎಲ್ಲ ಮುಗಿದ ಮೇಲೆ. ಅಲ್ಲಿ ತನಕ ಯಾಕೆ ಬರ್ಲಿಲ್ಲ ಅಂದ್ರೆ ಅವರ ತಲೆಯಲ್ಲಿ ಒಂದು ಕೂತಿತ್ತು, ನನ್ನ ಮನೆ ಕಾರ್ಪೊರೇಶನ್ ಲಿಮಿಟಲ್ಲಿ ಇಲ್ಲ, ಪಂಚಾಯತಿನವಳು ನಾನು, ನನಗೆ ಸಿಗುದಿಲ್ಲ ಅಂತ. ಇದನ್ನು ಯಾರೋ ಹೇಳಿದ್ದಂತೆ. ಇದು ತಪ್ಪು. ಮನೆ ಹೊರಗಿನ ಹಳ್ಳಿಯಲ್ಲಿದ್ದು ವ್ಯಾಪಾರ ನಗರದ ಲಿಮಿಟಲ್ಲಿ ಮಾಡುವವರಿಗೂ ಇದರಲ್ಲಿ ಜಾಗ ಉಂಟು, ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ಹೆಸರು ಬಿಟ್ಟು ಹೋದವರಿಗೂ ಉಂಟು. ಬೀದಿ ವ್ಯಾಪಾರಿಯ ಗುರುತಿನ ಕಾರ್ಡ್ ಇಲ್ಲದಿದ್ರೆ ಕಾರ್ಪೊರೇಶನ್‌ನಿಂದ ಶಿಫಾರಸು ಪತ್ರ ತೆಗಿಬೇಕು, ಎಲ್‌ಓಆರ್ ಅಂತಾರೆ. ಎಷ್ಟು ಜನ ಮೀನು ಮಾರುವ ಹೆಂಗಸರು, ಮಲ್ಲಿಗೆ ಮಾರುವವರು, ಸೊಪ್ಪಿನವರು ಹೊರಗಿಂದ ಬಂದು ಮಂಗಳೂರಲ್ಲಿ ಕೂತು ಮಾರ್ತಾರೆ, ಅವರಲ್ಲಿ ಅರ್ಧದಷ್ಟು ಜನ ಈ ಒಂದು ತಪ್ಪು ಮಾತಿಗೇ ಮನೆಯಲ್ಲಿ ಕೂತರೋ ಅಂತ ನನಗೆ ಇವತ್ತಿಗೂ ಬೇಜಾರು ಉಂಟು.

ಅರ್ಜಿ ಹಾಕ್ಲಿಕ್ಕೆ ಕೂತರೆ ಮೊದಲ ತೊಂದರೆ ಓಟಿಪಿ. ಆಧಾರಿಗೆ ಲಿಂಕ್ ಆಗಿದ್ದ ನಂಬರು ಗಂಡನ ಹಳೇ ಸಿಮ್ಮು, ಅದು ಯಾವಾಗ್ಲೋ ಸತ್ತಿತ್ತು. ಆಧಾರ್ ಸೆಂಟರಿಗೆ ಹೋಗಿ ನಂಬರ್ ಬದಲಿಸಿ ಅದು ಅಪ್‌ಡೇಟ್ ಆಗುವ ತನಕ ಹತ್ತು ದಿನ. ನಿಮಗೆ ಯಾವ ಸ್ಕೀಮೂ ಬೇಡ ಅಂತಿದ್ರೂ ಇದೊಂದು ಕೆಲಸ ಮಾತ್ರ ಮಾಡಿಟ್ಕೊಳ್ಳಿ, ನಿಮ್ಮ ಆಧಾರಿಗೆ ನಿಮ್ಮದೇ ಕೈಯಲ್ಲಿರುವ ನಂಬರು. ನನ್ನ ಅಂಗಡಿಯಿಂದ ವಾಪಸ್ ಹೋಗುವವರಲ್ಲಿ ಹೆಚ್ಚಿನವರು ಹೋಗುದು ಇದಕ್ಕೇ. ಎರಡನೇದು ಹೆಸರು. ಆಧಾರಲ್ಲಿ ಒಂದು ಸ್ಪೆಲ್ಲಿಂಗು, ಪಾಸ್‌ಬುಕ್ಕಲ್ಲಿ ಇನ್ನೊಂದು, ಅದನ್ನು ಬ್ಯಾಂಕಲ್ಲಿ ಸರಿ ಮಾಡಿಸಿದ್ದು.

ಎಲ್‌ಓಆರ್‌ಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರ್ದೆವು, ಇಂಥ ಜಾಗದಲ್ಲಿ ಇಷ್ಟು ವರ್ಷದಿಂದ ಚರುಮುರಿ ವ್ಯಾಪಾರ ಅಂತ. ಗಾಡಿಯ ಜೊತೆ ನಿಂತ ಫೋಟೋ, ನನ್ನದೂ ಪಕ್ಕದ ಮೆಡಿಕಲ್‌ನವರದ್ದೂ ಸಹಿ. ಲಾಲ್‌ಬಾಗಿನ ಕಾರ್ಪೊರೇಶನ್ ಆಫೀಸಿಗೆ ಅಕ್ಕ ಮೂರು ಸಲ ಹೋದ್ರು, ಒಮ್ಮೆ ಸ್ಥಳ ನೋಡ್ಲಿಕ್ಕೆ ಬಂದ್ರು, ಪತ್ರ ಸಿಕ್ತು. ಜನವರಿ 2021ರಲ್ಲಿ 10,000 ಖಾತೆಗೆ ಬಿತ್ತು. ಆ ದಿನ ಅವರ ಕೈಯಲ್ಲಿದ್ದ ಪಾಸ್‌ಬುಕ್ ಎಂಟ್ರಿಯನ್ನು ನಾನೂ ನೋಡಿದೆ. ಪೂರ್ತಿ ಹತ್ತು ಸಾವಿರ, ಒಂದು ರೂಪಾಯಿ ಮೊದಲೇ ಹಿಡ್ಕೊಂಡಿಲ್ಲ. ಅಕ್ಕ ಬೆರಳಿಟ್ಟು ಸೊನ್ನೆ ಎಣಿಸಿದ್ರು.

ಮೊದಲು ಮಾಡಿದ ಕೆಲಸ, ಕಲೆಕ್ಷನ್‌ನವನ ಬಾಕಿ 3,400 ಕೊಟ್ಟು ಬಿಟ್ಟದ್ದು. ಕಾಗದದಲ್ಲಿ ಇದು ವ್ಯಾಪಾರದ ಬಂಡವಾಳ ಅಂತ ಉಂಟು, ಹಳೇ ಸಾಲ ತೀರಿಸ್ಲಿಕ್ಕಲ್ಲ. ಆದ್ರೆ ನನ್ನ ಪ್ರಕಾರ ಅಕ್ಕನ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆ ಬಂಡವಾಳ ಬೇರೆ ಇರ್ಲಿಲ್ಲ, ದಿನಾ ಸಂಜೆ ಗಲ್ಲಾದಿಂದ 100 ರೂಪಾಯಿ ಎಳ್ಕೊಂಡು ಹೋಗುದು ಅವತ್ತಿಗೆ ನಿಂತಿತು. ಉಳಿದದ್ದರಲ್ಲಿ ಬಂದರಿಗೆ ಹೋಗಿ ಹೋಲ್‌ಸೇಲಲ್ಲಿ ಮಂಡಕ್ಕಿ ಚೀಲ, ನೆಲಗಡಲೆ, ಒಂದು ಟಿನ್ ಎಣ್ಣೆ ತಂದ್ರು. ಮೊದಲು ಇದನ್ನೆಲ್ಲ ಹತ್ತಿರದ ಅಂಗಡಿಯಿಂದ ಕಡಕ್ಕೆ ಒಂದು ಕಿಲೋ ಎರಡು ಕಿಲೋ ತರ್ತಿದ್ದರು, ಕಡಕ್ಕೆ ತಂದವರಿಗೆ ರೇಟು ಕೇಳ್ಲಿಕ್ಕೆ ಬಾಯಿ ಇರುದಿಲ್ಲ ಅಲ್ವಾ.

ಈಗ ಲೆಕ್ಕ. 10,000ಕ್ಕೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಅಂತ ಇಟ್ರೆ, ಬ್ಯಾಂಕಿಂದ ಬ್ಯಾಂಕಿಗೆ ಇದು ಬೇರೆ ಇರ್ತದೆ, ತಿಂಗಳಿಗೆ 888ರ ಹಾಗೆ 12 ಕಂತು. ಒಟ್ಟು ಬಡ್ಡಿ ಸುಮಾರು 660. ಅದರಲ್ಲಿ 7 ಪರ್ಸೆಂಟಿನ ಪಾಲು ಸುಮಾರು 385 ವಾಪಸ್ ಬರ್ತದೆ. ಅಂದ್ರೆ ಒಂದು ವರ್ಷ 10,000 ಬಳಸಿದ್ದಕ್ಕೆ ನಿಮಗೆ ಬಿದ್ದದ್ದು 275. ಇತ್ಲಾಗಿ 275, ಅತ್ಲಾಗಿ 3,000. ಇದಕ್ಕೆ ನಾನು ಬೇರೆ ಎಂತದೂ ಹೇಳ್ಬೇಕಾಗಿಲ್ಲ.

ಅದರ ಮೇಲೆ ಕ್ಯಾಶ್‌ಬ್ಯಾಕ್ ಬೇರೆ ಉಂಟು, ಯುಪಿಐಯಲ್ಲಿ ದುಡ್ಡು ತಕೊಂಡ್ರೆ ಆಗ ತಿಂಗಳಿಗೆ 100 ರೂಪಾಯಿ ತನಕ. 50 ಪೇಮೆಂಟ್ ಆದ್ರೆ 50 ರೂಪಾಯಿ, 100 ಆದ್ರೆ 75, 200 ಆದ್ರೆ 100. ಇಲ್ಲಿ ನಮ್ಮದು ಎರಡು ತಪ್ಪಾಯ್ತು. ಗಾಡಿಯಲ್ಲಿ ಅಂಟಿಸಿದ್ದು ಮಗನ ಕ್ಯೂಆರ್, ಲೋನ್ ಇದ್ದದ್ದು ಅಮ್ಮನ ಹೆಸರಲ್ಲಿ, ಹಾಗಾಗಿ ನಾಲ್ಕು ತಿಂಗಳು ಒಂದು ಪೈಸೆ ಬರ್ಲಿಲ್ಲ. ಅಕ್ಕನ ಹೆಸರಲ್ಲೇ ಕ್ಯೂಆರ್ ಮಾಡಿಸಿ ಬ್ಯಾಂಕಲ್ಲಿ ಹೇಳಿ ಜೋಡಿಸಿದ ಮೇಲೆ ಶುರುವಾಯ್ತು. ಇನ್ನೊಂದು, 25 ರೂಪಾಯಿಗಿಂತ ಕಡಿಮೆದು ಲೆಕ್ಕಕ್ಕೆ ಬರ್ತಿರ್ಲಿಲ್ಲ, ಆಗ ಚರುಮುರಿಗೆ 20 ರೂಪಾಯಿ ಇತ್ತು, ಒಂದು ಪೊಟ್ಟಣ ತಕೊಂಡವರ ಪೇಮೆಂಟ್ ಎಲ್ಲ ಹಾಗೇ ಹೋಯ್ತು, ಎರಡು ತಕೊಂಡವರದ್ದು ಮಾತ್ರ ಎಣಿಸಿತು. ಆದ್ರೂ ಕೆಲವು ತಿಂಗಳು 50, ಕೆಲವು ತಿಂಗಳು 75 ಬಂತು, ಮೇಲಿನ 275 ಅದರಲ್ಲೇ ಮುಗಿದು ಹೋಯ್ತು.

ಆದ್ರೆ ಕತೆ ಅಷ್ಟು ಸಲೀಸಾಗಿ ಹೋಗ್ಲಿಲ್ಲ. ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರು ಕಂತು ಕಟ್ಟಿದ್ರು, ಏಪ್ರಿಲ್ 27ಕ್ಕೆ ಎರಡನೇ ಅಲೆಯ ಲಾಕ್‌ಡೌನ್ ಬಂತು. ಜೂನ್ ಮುಗಿಯುವ ತನಕ ಗಾಡಿ ಚೈನಿಂದ ಬಿಡಿಸ್ಲಿಲ್ಲ. ಮೇ ಕಂತು ಇಲ್ಲ, ಜೂನ್ ಕಂತು ಇಲ್ಲ. ಅಕ್ಕ ಫೋನಲ್ಲಿ ಅತ್ತು ಬಿಟ್ರು, ಬ್ಯಾಂಕಿನವರು ಮನೆಗೆ ಬರ್ತಾರಾ ಅಂತ. ಅವರಿಗೆ ಗೊತ್ತಿದ್ದ ಸಾಲ ಅಂದ್ರೆ ಮನೆ ಬಾಗಿಲಿಗೆ ಬರುವ ಸಾಲ.

ಇಲ್ಲಿ ಗೊತ್ತಿರಬೇಕಾದದ್ದು 90 ದಿನದ ಲೆಕ್ಕ. ಕಂತು ತಪ್ಪಿ 90 ದಿನ ದಾಟಿದ್ರೆ ಖಾತೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ ಅಂತ ಆಗ್ತದೆ, ಬಡ್ಡಿ ಸಬ್ಸಿಡಿ ನಿಲ್ತದೆ, ಸಾಲ ಸರಿಯಾಗಿ ಕಟ್ತಾರಾ ಅಂತ ಬ್ಯಾಂಕಿನವರು ನೋಡುವ ಸಿಬಿಲ್ ಅಂಕ ಹಾಳಾಗ್ತದೆ, ಎರಡನೇ ಲೋನಿನ ಬಾಗಿಲು ಮುಚ್ಚಿದ ಹಾಗೆ. ಅದರೊಳಗೆ ಕಟ್ಟಿದ್ರೆ ಸ್ವಲ್ಪ ಬಡ್ಡಿ ಹೆಚ್ಚಾಗ್ತದೆ, ಬೇರೆ ತೊಂದರೆ ಇಲ್ಲ. ಅಷ್ಟರಲ್ಲಿ ರಾಜ್ಯ ಸರಕಾರ ಮೇ 19ಕ್ಕೆ 1,250 ಕೋಟಿ ಪ್ಯಾಕೇಜ್ ಹೇಳಿತ್ತು, ಆಟೋ ಟ್ಯಾಕ್ಸಿಯವರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000. ಸ್ವನಿಧಿಯಲ್ಲಿ ಹೆಸರು ಇದ್ದವರಿಗೇ ಈ 2,000, ಅಂದ್ರೆ ನವೆಂಬರಲ್ಲಿ ಪಟ್ಟ ಓಡಾಟ ಇಲ್ಲಿ ಇನ್ನೊಮ್ಮೆ ಉಪಯೋಗಕ್ಕೆ ಬಂತು. ದುಡ್ಡು ಬಂದ ದಿನವೇ ನಾನು ಅಕ್ಕನಿಗೆ ಹೇಳಿದೆ, ಇದು ಮನೆಗೆ ಅಲ್ಲ, ಎರಡು ಕಂತು 1,776 ಈಗಲೇ ಕಟ್ಟಿ ಬನ್ನಿ. ಹೇಳುವಾಗ ನನಗೆ ಕಷ್ಟ ಆಯ್ತು, ಮನೆಯಲ್ಲಿ ಅಕ್ಕಿ ಇದ್ದದ್ದು ರೇಷನಿಂದು ಮಾತ್ರ, ಮೀನು ಸಾರು ಮಾಡಿ ತಿಂಗಳಾಗಿತ್ತು ಅಂತ ಅವರೇ ಹೇಳಿದ್ದರು. ಆದ್ರೂ ಕಟ್ಟಿದ್ರು. ಉಳಿದ 224 ರೂಪಾಯಿಯಲ್ಲಿ ಬಂಗುಡೆ ತಂದ್ರಂತೆ.

ಆಮೇಲೆ ನಾವು ಕಂತು ಕಟ್ಟುವ ಕ್ರಮವನ್ನೇ ಬದಲಿಸಿದೆವು, ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಕಾಣುದು ಇದೇ. ಕರಾವಳಿಯ ಬೀದಿ ವ್ಯಾಪಾರ ಅಂದ್ರೆ ವರ್ಷ ಇಡೀ ಒಂದೇ ಹಾಗೆ ಇರುದಲ್ಲ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆ ತನಕ ಜಾತ್ರೆ, ಕೋಲ, ಯಕ್ಷಗಾನದ ಆಟ, ಮದುವೆ, ರಸ್ತೆಯಲ್ಲಿ ಜನ ಇರ್ತಾರೆ. ಜೂನ್ ಬಂದ್ರೆ ಮುಗೀತು. ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಲ್ಲಿ, ಧೋ ಅಂತ ಸುರಿಯುವಾಗ ಮಂಡಕ್ಕಿ ಡಬ್ಬದಲ್ಲೇ ಮೆತ್ತಗಾಗ್ತದೆ, ಒಳ್ಳೆ ದಿನ 1,800 ಆಗುವ ಗಾಡಿಯಲ್ಲಿ 500 ಆಗುದಿಲ್ಲ. ಆದ್ರೆ ಬ್ಯಾಂಕಿನ ಕಂತಿಗೆ ಮಳೆಗಾಲ ಇಲ್ಲ, ಪ್ರತಿ ತಿಂಗಳು ಅಷ್ಟೇ. ಹಾಗಾಗಿ ಅಕ್ಕನಿಗೆ ಒಂದು ಪಿಗ್ಮಿ ಮಾಡಿಸಿದೆ. ಪಿಗ್ಮಿ ನಮ್ಮ ಊರಿನವರಿಗೆ ಹೊಸತಲ್ಲ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ದಿನಕ್ಕೆ ಎರಡಾಣೆ ಮನೆ ಬಾಗಿಲಲ್ಲಿ ತಕೊಳ್ಳುವ ಪಿಗ್ಮಿ ಶುರು ಮಾಡಿತ್ತು, ಈಗ ಸೊಸೈಟಿಗಳದ್ದೂ ಉಂಟು. ಕಲೆಕ್ಷನ್‌ನವನಿಗೆ ದಿನಾ 100 ಕೊಟ್ಟು ಅಭ್ಯಾಸ ಇದ್ದ ಕೈ ಅಲ್ವಾ ಅದು, ಅದೇ ಸಂಜೆ ಅದೇ ಹೊತ್ತಿಗೆ ಪಿಗ್ಮಿಯವರಿಗೆ 60. ಕಂತಿಗೆ ದಿನಕ್ಕೆ 30 ಸಾಕು, ಉಳಿದ 30 ಮಳೆಗಾಲಕ್ಕೆ. ಮಳೆ ಬಂದಾಗ ಪಿಗ್ಮಿಗೆ 20 ಹಾಕಿದ್ರೂ ಕಂತು ತಪ್ಪುದಿಲ್ಲ. ಅಕ್ಕನಲ್ಲಿ ಶಿಸ್ತು ಮೊದಲೇ ಇತ್ತು, ನಾಲ್ಕೈದು ವರ್ಷ ದಿನಾ ತಪ್ಪದೆ ಕಟ್ಟಿದವರು, ಅದರ ಲಾಭ ಬೇರೆಯವರ ಕಿಸೆಗೆ ಹೋಗ್ತಿತ್ತು ಅಷ್ಟೇ.

ಮೊದಲ ಲೋನ್ 2022ರ ಜನವರಿಯಲ್ಲಿ ಮುಗೀತು. ಎರಡನೇದಕ್ಕೆ ಹೋದಾಗ ಎರಡು ತಿಂಗಳು ಹಿಡೀತು. ಮೊದಲನೇದು ಮುಗಿದದ್ದು ಪೋರ್ಟಲಲ್ಲಿ ಕ್ಲೋಸ್ ಅಂತ ಬಾರದೆ ಎರಡನೇ ಅರ್ಜಿ ಮುಂದೆ ಹೋಗುದಿಲ್ಲ, ಬ್ಯಾಂಕಲ್ಲಿ ಅದನ್ನು ಅಪ್‌ಡೇಟ್ ಮಾಡಿರ್ಲಿಲ್ಲ. ಬ್ಯಾಂಕಿನ ಹೆಸರು ಬೇಡ. ಅಲ್ಲಿ ಒಬ್ಬರು ಅಕ್ಕನಿಗೆ 5,000 ಎಫ್‌ಡಿ ಇಟ್ರೆ ಬೇಗ ಮಾಡಿ ಕೊಡ್ತೇವೆ ಅಂದ್ರಂತೆ. ಅಕ್ಕ ಇಡ್ಲಿಕ್ಕೂ ತಯಾರಾಗಿದ್ದರು, ಬಳೆ ಅಡವಿಟ್ಟು. ನಾನು ಅಂಗಡಿ ಮುಚ್ಚಿ ಜೊತೆಗೆ ಹೋದೆ. ಈ ಲೋನಿಗೆ ಸರಕಾರದ ಕ್ರೆಡಿಟ್ ಗ್ಯಾರಂಟಿ ಉಂಟು, ಗ್ರಾಹಕರಿಂದ ಯಾವ ಜಾಮೀನೂ ಕೇಳ್ಲಿಕ್ಕಿಲ್ಲ. ಜಗಳ ಮಾಡ್ಲಿಲ್ಲ, ಎಫ್‌ಡಿ ಬೇಕು ಅಂತ ಒಂದು ಬರವಣಿಗೆಯಲ್ಲಿ ಕೊಡಿ ಸಾರ್ ಅಂತ ಮಾತ್ರ ಕೇಳಿದೆ. ಆಮೇಲೆ ಎಫ್‌ಡಿಯ ಮಾತು ಬರ್ಲಿಲ್ಲ, ಮಾರ್ಚಲ್ಲಿ 20,000 ಬಂತು. ಒಬ್ಬರೇ ಹೋದ ಹೆಂಗಸರಿಗೆ ಈ ಮಾತು ಹೇಳ್ತಾರೆ, ಜೊತೆಗೆ ಒಬ್ಬರು ನಿಂತರೆ ಹೇಳುದಿಲ್ಲ, ಇದು ನನಗೆ ತುಂಬಾ ನೋವು ಕೊಟ್ಟ ವಿಷಯ.

20,000ಕ್ಕೆ 18 ತಿಂಗಳು, ತಿಂಗಳಿಗೆ 1,220ರ ಹಾಗೆ. ಅದರಲ್ಲಿ ಮಳೆಗಾಲಕ್ಕೆ ಬೇಕಾದ್ದನ್ನು ಮಾಡಿದ್ರು, ಗ್ಯಾಸ್ ಸ್ಟವ್, ದಪ್ಪದ ಬಾಣಲೆ, ಗಾಡಿಗೆ ಮೇಲೆ ಶೀಟು, ಮುಂದೆ ಗ್ಲಾಸು. ಈಗ ಜೂನ್ ಬಂದ್ರೆ ಚರುಮುರಿ ಕಡಿಮೆ, ಗೋಳಿಬಜೆ ಮತ್ತು ಅಂಬಡೆ. ಹಿಟ್ಟನ್ನು ಮನೆಯಲ್ಲೇ ಮೊಸರು ಹಾಕಿ ಕಲಸಿ ಸ್ಟೀಲ್ ಡಬ್ಬದಲ್ಲಿ ಬಸ್ಸಲ್ಲಿ ತರ್ತಾರೆ, ಶುಂಠಿ ಹಸಿಮೆಣಸು ತೆಂಗಿನ ಚೂರು ಇಲ್ಲಿ ಹಾಕುದು. ಮಳೆಗೆ ನಿಂತವರಿಗೆ ಅದರ ಪರಿಮಳ ಸಾಕು. ಫುಡ್ ಐಟಂ ಅಂತ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಶನ್ ಕೂಡ ಮಾಡಿಸಿದೆವು, ನಾವು ಮಾಡಿಸುವಾಗ ವರ್ಷಕ್ಕೆ 100 ರೂಪಾಯಿ ಫೀಸು. ಅದೇ ಸಮಯದಲ್ಲಿ ಬ್ಯಾಂಕಲ್ಲಿ ಎರಡು ಇನ್ಶೂರೆನ್ಸಿಗೂ ಸಹಿ ಹಾಕಿಸಿದೆ, ಒಂದು ಅಪಘಾತದ್ದು, ಇನ್ನೊಂದು ಜೀವವಿಮೆ, 2022ರ ಜೂನಿಂದ ಅವಕ್ಕೆ ವರ್ಷಕ್ಕೆ 20 ಮತ್ತು 436 ರೂಪಾಯಿ, ಎರಡಕ್ಕೂ 2 ಲಕ್ಷ.

2023ರಲ್ಲಿ ಗೃಹಲಕ್ಷ್ಮಿಯ 2,000 ಬರ್ಲಿಕ್ಕೆ ಶುರುವಾದಾಗ ಅಕ್ಕ ಹೇಳಿದ್ರು, ಇನ್ನು ಪಿಗ್ಮಿ ಯಾಕೆ, ಇದರಲ್ಲೇ ಕಂತು ಹೋಗ್ತದಲ್ಲ ಅಂತ. ನಾನು ಬೇಡ ಅಂದೆ. ಆ ದುಡ್ಡು ಒಮ್ಮೆ ಬರ್ತದೆ, ಒಮ್ಮೆ ಎರಡು ತಿಂಗಳದ್ದು ಒಟ್ಟಿಗೆ ಬರ್ತದೆ, ತಾರೀಕು ನಮ್ಮ ಕೈಯಲ್ಲಿಲ್ಲ. ಅದು ಮಗಳ ಹೆಸರಿಗೆ ಆರ್‌ಡಿ ಆಯ್ತು, ಕಂತು ಪಿಗ್ಮಿಯಿಂದಲೇ.

50,000ದ ಮೂರನೇ ಲೋನ್ 2024ರ ಜನವರಿಯಲ್ಲಿ. ಇದನ್ನು ತಕೊಳ್ಬೇಕಾ ಅಂತ ನಮ್ಮೊಳಗೆ ದೊಡ್ಡ ಚರ್ಚೆ ಆಯ್ತು, 36 ತಿಂಗಳು 1,660ರ ಹಾಗೆ ಕಟ್ಟುದು ಸಣ್ಣ ಮಾತಲ್ಲ, ದುಡಿಯುದು ಒಂದೇ ಜೀವ. ಮಗ ಕೆಲಸ ಬಿಟ್ಟು ಎರಡನೇ ಗಾಡಿ ಇಡ್ತೇನೆ ಅಂದ ಮೇಲೆಯೇ ಸಹಿ ಹಾಕಿದ್ದು. ಈಗ ಸಂಜೆ ಅವ ಲೇಡಿಹಿಲ್ ಕಡೆ ನಿಲ್ತಾನೆ, ಅಮ್ಮ ಇಲ್ಲಿ.

2025ರ ಜುಲೈಯಲ್ಲಿ ಒಂದು ಹೆದರಿಕೆ ಬಂತು. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸ್ ಅಂತ ಸುದ್ದಿ, ಕ್ಯೂಆರ್ ಕಿತ್ತು ಹಾಕಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಇಟ್ಟವರು ಎಷ್ಟೋ ಜನ. ಅಕ್ಕನೂ ಸ್ಟಿಕ್ಕರಿನ ಮೂಲೆ ಎಬ್ಬಿಸಿದ್ದರು. ಕೂತು ಲೆಕ್ಕ ಹಾಕಿದೆವು, ದಿನಕ್ಕೆ 2,000 ಅಂತ ವರ್ಷಕ್ಕೆ 300 ದಿನ ಆದ್ರೂ 6 ಲಕ್ಷ. ಸರಕು ಮಾರುವವರಿಗೆ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ಚರುಮುರಿ ಗಾಡಿ ಆ ಹತ್ತಿರಕ್ಕೂ ಹೋಗುದಿಲ್ಲ. ಸ್ಟಿಕ್ಕರಿಗೆ ಟೇಪ್ ಹಾಕಿ ಪುನಃ ಅಂಟಿಸಿದ್ರು. ಕ್ಯಾಶ್‌ಬ್ಯಾಕಿಗಿಂತ ಹೆಚ್ಚಾಗಿ ಆ ಯುಪಿಐ ಎಂಟ್ರಿಗಳೇ ಈಗ ಅವರ ಆದಾಯದ ದಾಖಲೆ, ಮೊದಲು ಅವರ ಹತ್ರ ದುಡಿಮೆಗೆ ಸಾಕ್ಷಿ ಅಂತ ಒಂದು ಚೀಟಿ ಇರ್ಲಿಲ್ಲ.

ಸ್ಕೀಮ್ ಮುಗೀತಲ್ವಾ ಅಂತ ಈಗಲೂ ಕೇಳ್ತಾರೆ. ಲೋನ್ ಕೊಡುವ ಅವಧಿ 2024ರ ಡಿಸೆಂಬರಿಗೆ ಮುಗಿದಿತ್ತು ನಿಜ, ಆ ಸಮಯದಲ್ಲಿ ಬಂದವರನ್ನು ನಾನೇ ವಾಪಸ್ ಕಳಿಸಿದ್ದೇನೆ. ಆದ್ರೆ 2025ರ ಆಗಸ್ಟ್ 27ಕ್ಕೆ ಕೇಂದ್ರ ಸಂಪುಟ ಅದನ್ನು 2030ರ ಮಾರ್ಚ್ 31ರ ತನಕ ಮುಂದುವರಿಸಿದೆ. ಈಗ ಮೊದಲ ಲೋನ್ 15,000, ಎರಡನೇದು 25,000, ಮೂರನೇದು 50,000. ಕ್ಯಾಶ್‌ಬ್ಯಾಕ್ 1,600 ತನಕ. ಎರಡನೇ ಲೋನ್ ಮುಗಿಸಿದವರಿಗೆ ಯುಪಿಐ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಕೂಡ ಹೇಳಿದ್ದಾರೆ. ಕಾರ್ಡಿನ ವಿಷಯದಲ್ಲಿ ಮಾತ್ರ ನಾನು ಅಕ್ಕನಿಗೆ ನಿಧಾನ ಮಾಡಿ ಅಂದಿದ್ದೇನೆ, ಡ್ಯೂ ಡೇಟ್ ತಪ್ಪಿದ್ರೆ ಕಾರ್ಡಿನ ಬಡ್ಡಿ ಆ ಕಲೆಕ್ಷನ್‌ನವನ ದಾರಿಗೇ ತಂದು ನಿಲ್ಲಿಸ್ತದೆ.

ಮೊನ್ನೆ ಶನಿವಾರ ಅಕ್ಕ ತಮ್ಮ ನಾದಿನಿಯನ್ನು ಕರ್ಕೊಂಡು ಬಂದ್ರು, ಅವರು ಬಸ್‌ಸ್ಟ್ಯಾಂಡಿನ ಹತ್ರ ಮಲ್ಲಿಗೆ ಮಾರುವವರು, ಮನೆ ಕೈಕಂಬದ ಆಚೆ. ನನಗೆ ಸಿಗುದಿಲ್ಲ ಅಣ್ಣ, ನಾವು ಪಂಚಾಯತಿನವರು ಅಂತ ಅವರು ಬಾಯಿ ತೆಗಿಯುವಷ್ಟರಲ್ಲಿ ಅಕ್ಕ ಅವರ ಆಧಾರ್ ಕಾರ್ಡ್ ನನ್ನ ಮೇಜಿನ ಮೇಲಿಟ್ಟು, ನಂಬರ್ ನಿನ್ನೆಯೇ ಲಿಂಕ್ ಮಾಡಿಸಿ ಆಗಿದೆ, ಮೊದಲು ಎಲ್‌ಓಆರ್‌ಗೆ ಬರಿ ಅಂದ್ರು.